ಮಾವನವರ ಪುಸ್ತಕ ಬಾಯಿಬಿಟ್ಟದ್ದು

ನನಗೆ ಕೋಪ ಜಾಸ್ತಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೊಳೆನರಸೀಪುರದ ನಮ್ಮ ಬೀದಿಯ ಕೊನೆಯ ಮನೆಯವರಿಗೂ ಅದು ಕೇಳಿಸುತ್ತದೆ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಮೈದಾನದ ಆ ತುದಿಯಲ್ಲಿ ನಿಂತ ಹುಡುಗನನ್ನು ಈ ತುದಿಯಿಂದ ಬಯ್ದು ಬಯ್ದು ಗಂಟಲು ಅದೇ ಅಳತೆಗೆ ಒಗ್ಗಿಹೋಗಿದೆ, ನಿವೃತ್ತಿಯಾದರೂ ಇಳಿದಿಲ್ಲ. ಹಾಲಿನವನು ತಡವಾಗಿ ಬಂದರೂ ಕೋಪ, ಬೇಗ ಬಂದು ಎಬ್ಬಿಸಿದರೂ ಕೋಪ. ಆದರೆ ಅವೆಲ್ಲ ಚಿಲ್ಲರೆ. ನಿಜವಾದ ಕೋಪ ಅಂದರೇನು ಎಂದು ನನಗೆ ಕಲಿಸಿದ್ದು ಒಂದು ಪಿಡಿಎಫ್.

ನನ್ನ ಹೆಂಡತಿ ಗಿರಿಜೆಗೆ ಕೆಲವು ವರ್ಷಗಳ ಹಿಂದೆ ಕಣ್ಣು ಹೋಯಿತು. ತಲೆಯ ಮೇಲೆ ಕೈ ಹೊತ್ತು ಕೂರುವ ಜಾತಿಯವಳಲ್ಲ ಅವಳು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಫೋನು ಕಲಿತಳು. ಅದು ಓದುವ ವೇಗಕ್ಕೆ ನನ್ನ ತಲೆ ತಿರುಗುತ್ತದೆ, ಅವಳಿಗೆ ಅದೂ ನಿಧಾನ. ಹಾಸನದ ಹತ್ತಿರ ಬೂವನಹಳ್ಳಿಯ ವಿಮಾನ ನಿಲ್ದಾಣದ ಸುದ್ದಿಯೂ ಈಗ ಅವಳಿಂದಲೇ ನನಗೆ ತಿಳಿಯುತ್ತದೆ. ಅವಳ ತಂದೆ, ಎಂದರೆ ನನ್ನ ಮಾವ, ರಾಮನಾಥಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರು, ಕೊನೆಗಾಲದಲ್ಲಿ ತಮ್ಮ ನೆನಪುಗಳನ್ನು ಬರೆದಿಟ್ಟು ಹೋದರು. ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಬಾಮೈದ ಮಂಜುನಾಥ ಅದನ್ನು ಹಾಸನದ ಡಿಟಿಪಿ ಅಂಗಡಿಯೊಂದರಲ್ಲಿ ಪುಸ್ತಕ ಮಾಡಿಸಿ, ಒಂದು ಪ್ರತಿಯ ಜೊತೆಗೆ ಅಕ್ಕ ಕೇಳಲಿ ಎಂದು ಪಿಡಿಎಫನ್ನೂ ಕಳಿಸಿದ. ಗಿರಿಜೆ ದೇವರಿಗೆ ದೀಪ ಹಚ್ಚಿ ಬಂದು, ಸೆರಗು ಸರಿಮಾಡಿಕೊಂಡು, ಅಪ್ಪನೇ ಎದುರಿಗೆ ಬಂದು ಕೂತಿದ್ದಾರೆ ಅನ್ನುವಂತೆ ಕೂತು ಫೋನು ಒತ್ತಿದಳು. ಫೋನು ಗಂಭೀರವಾಗಿ ಓದಿತು: "ಪಿ, ಎ, ಪೌಂಡ್, ಎ, ಕ್ಯೂ, ಎ..."

ಮೊದಲು ನನಗೆ ನಗು ಬಂತು. ನಾನಿದ್ದೀನಲ್ಲ, ಓದುತ್ತೇನೆ ಎಂದು ಪುಸ್ತಕ ಹಿಡಿದೆ. ಎರಡು ಪುಟ ಮುಗಿಯುವಷ್ಟರಲ್ಲಿ ಅವಳು ಕೈಯೆತ್ತಿದಳು. "ಸಾಕು ರೀ. ನೀವು ಓದಿದ್ರೆ ಅಪ್ಪ ನನ್ನ ಮೇಲೆ ರೇಗ್ತಿರೋ ಹಂಗೆ ಕೇಳುತ್ತೆ." ಆಮೇಲೆ ಫೋನಿನಲ್ಲೇ ಹುಡುಕುವ ಜಾಗಕ್ಕೆ ಹೋಗಿ 'ಅಮ್ಮ' ಎಂದು ಹಾಕಿದಳು. ಸಿಗಲಿಲ್ಲ ಅಂದಿತು. ಮತ್ತೊಮ್ಮೆ ಹಾಕಿದಳು. ಸಿಗಲಿಲ್ಲ. "ಅಷ್ಟು ದಪ್ಪ ಪುಸ್ತಕ ಬರೆದು ಅಮ್ಮನ ಬಗ್ಗೆ ಒಂದು ಮಾತೂ ಬರೀಲಿಲ್ವಾ ಅಪ್ಪ?" ಎಂದು ಕೇಳಿದಳು. ಮಾವನವರು ಹೆಂಡತಿಯನ್ನು ಮಕ್ಕಳಂತೆ 'ಅಮ್ಮ' ಎಂದೇ ಕರೆಯುತ್ತಿದ್ದವರು, ಬರೆದದ್ದೂ ಹಾಗೇ. ನನ್ನ ಕೈಯಲ್ಲಿದ್ದ ಪುಟದಲ್ಲೇ ಮೂರು ಕಡೆ ಅಮ್ಮ ಇದ್ದರು. ನಗು ಅಲ್ಲಿಗೆ ನಿಂತಿತು.

ಇದೇನು ರೋಗ ಎಂದು ಬಿಡಿಸಿ ಹೇಳಿದ್ದು ಚನ್ನರಾಯಪಟ್ಟಣದ ನಾಗರತ್ನ, ಗಿರಿಜೆಯಂತೆಯೇ ಫೋನಿನಲ್ಲಿ ಓದುವ ಗೆಳತಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಕಣ್ಣಿಗೆ ಕಾಣುವುದು 'ಕ', ಒಳಗೆ ಕೂತಿರುವುದು ಇಂಗ್ಲಿಷಿನ 'ಪಿ'. ಯೂನಿಕೋಡಿನಲ್ಲಾದರೆ 'ಕ' ಒಳಗೂ 'ಕ'ನೇ. ನನಗೆ ಹಾಜರಿ ಪುಸ್ತಕ ನೆನಪಾಯಿತು. ಎದುರಿಗೆ ನಿಂತವನು ರಂಗಸ್ವಾಮಿ, ಪುಸ್ತಕದಲ್ಲಿ ಅವನ ಹೆಸರು ಪೀಟರ್. ಮುಖ ನೋಡಿ ಗುರುತು ಹಿಡಿಯುವವರಿಗೆ ತೊಂದರೆಯಿಲ್ಲ. ಹೆಸರು ಕೂಗಿ ಕರೆಯುವವರಿಗೆ ಶಾಲೆಯಲ್ಲಿ ರಂಗಸ್ವಾಮಿಯೇ ಇಲ್ಲ. ಅಲ್ಲ ಸ್ವಾಮಿ, ರಾಜ್ಯೋತ್ಸವದ ದಿನ ಬಾವುಟ ಹಿಡಿದು ಗಂಟಲು ಹರಿಯುವಂತೆ ಕೂಗುವ ನಾವು, ಸಂಘದ ನೋಟೀಸು, ಪೆನ್ಷನ್ ಸುತ್ತೋಲೆ, ಪುಸ್ತಕ ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿ ಕಳಿಸುತ್ತಿದ್ದೇವೆ. ನೋಡಲು ಚೆನ್ನಾಗಿದ್ದರೆ ಸಾಕು ನಮಗೆ. ನೋಡಲಾಗದವರೂ ಈ ಊರಲ್ಲಿದ್ದಾರೆ ಅನ್ನುವ ಯೋಚನೆ ಯಾವ ಬಡ್ಡಿಮಗನಿಗೂ ಬಂದಿಲ್ಲ. ನನಗೂ ಬಂದಿರಲಿಲ್ಲ, ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು.

ಡಿಟಿಪಿಯ ಲೋಕೇಶನಿಗೆ ಫೋನು ಮಾಡಿದೆ. "ಅಮ್ಮಾವ್ರಿಗೆ ಕಾಣಾಕಿಲ್ವಾ ಸಾ? ಸೈಜ್ ದಪ್ಪ ಮಾಡಿ ಕಳಿಸ್ತೀನಿ ಬುಡಿ" ಅಂದ. ಕಳಿಸಿಯೂ ಬಿಟ್ಟ. ಒಂದು ಪುಟಕ್ಕೆ ನಾಲ್ಕೇ ಸಾಲು, ಒಂದೊಂದು ಅಕ್ಷರ ಬದನೆಕಾಯಿಯ ಗಾತ್ರ. ಫೋನು ಮಾತ್ರ ಅದೇ ಪಿ, ಎ, ಪೌಂಡ್. ಮತ್ತೆ ಬಯ್ದೆ. ಈ ಸಲ ಪುಟಗಳನ್ನೆಲ್ಲ ಫೋಟೋ ಮಾಡಿ ಕಳಿಸಿದ. ಪೌಂಡ್ ಅನ್ನುವುದೂ ನಿಂತು, ಫೋನು ಪೂರ್ತಿ ಮೌನವಾಯಿತು.

ಬಸ್ಸು ಹತ್ತಿ ಹಾಸನಕ್ಕೆ ಹೋದೆ. ಗಿರಿಜೆಯ ಫೋನನ್ನೂ ಕೇಳಿ ತೆಗೆದುಕೊಂಡು ಹೋಗಿದ್ದೆ. ಲೋಕೇಶ ಪುಸ್ತಕ ತೋರಿಸಿ, "ಪ್ರಿಂಟ್ ಎಂಗ್ ಬಂದದೆ ನೋಡಿ ಸಾ. ಇಷ್ಟು ವರ್ಸದಿಂದ ಇದೇ ಫಾಂಟು, ಒಬ್ರೂ ಕೇಳಿಲ್ಲ" ಅಂದ.

"ಕಣ್ಣು ಮುಚ್ಚು" ಅಂದೆ. ಮೈದಾನದ ಗಂಟಲು, ಮುಚ್ಚಿಯೇಬಿಟ್ಟ. ಜೆರಾಕ್ಸ್ ಮಾಡಿಸಲು ಬಂದಿದ್ದವರೂ ಮುಚ್ಚಿದರು. ಫೋನು ಒತ್ತಿ ಅವನ ಕಿವಿಗೆ ಹಿಡಿದೆ. ಒಂದು ಪುಟ ಮುಗಿಯುವವರೆಗೂ ಬಿಡಲಿಲ್ಲ.

"ಇದು ನಾನ್ ಮಾಡಿರಾದಾ ಸಾ?" ಎಂದು ಮೆಲ್ಲಗೆ ಕೇಳಿದ. ಹಳೆಯ ಫಾಂಟನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶ ಅವನ ಕಂಪ್ಯೂಟರಿನಲ್ಲೇ ಇತ್ತು. ಅದು ಗೊತ್ತಾದಾಗ ನಾನು ಏನು ಅಂದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಬದಲಾಯಿಸುವಾಗ ಅಲ್ಲಲ್ಲಿ ಒತ್ತಕ್ಷರಗಳು ಜಾರಿದ್ದವು. ತಿದ್ದುವ ಕೆಲಸ ಮಂಜುನಾಥ ವಹಿಸಿಕೊಂಡ. ಅರ್ಧ ತಿದ್ದಿದವನು ಫೋನು ಮಾಡಿ, "ಭಾವ, ನೀವು ಪುಸ್ತಕ ಪೂರ್ತಿ ಓದಿದ್ದೀರಾ?" ಎಂದು ಕೇಳಿದ. ಓದುವುದೇನಿದೆ, ನನಗೆ ಗೊತ್ತಿಲ್ಲದ ಮಾವನವರಾ ಅಂದೆ. "ಸರಿ ಬುಡಿ ಭಾವ" ಎಂದು ಇಟ್ಟುಬಿಟ್ಟ.

ಹೊಸ ಪಿಡಿಎಫ್ ಬಂದ ದಿನ ಗಿರಿಜೆ ಮೊದಲು ಹುಡುಕಿದ್ದು 'ಅಮ್ಮ'. ಪುಟಪುಟದಲ್ಲೂ ಸಿಕ್ಕಿದರು. ಅವಳು ಅತ್ತಳು. ನಾನು ಲೋಕವನ್ನೇ ಗೆದ್ದವನಂತೆ ಮೀಸೆ ತಿರುವಿಕೊಂಡು ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಕಣ್ಣೊರೆಸಿಕೊಂಡು, "ನಿಮ್ಮ ಬಗ್ಗೆ ಏನಾದ್ರೂ ಬರೆದಿದಾರಾ ನೋಡಾಣ ತಡೀರಿ" ಎಂದು 'ಅಳಿಯ' ಎಂದು ಹಾಕಿದಳು. ಕ್ಷಣವೂ ತಡವಾಗಲಿಲ್ಲ. ಫೋನಿನ ಹೆಂಗಸು ಸ್ಪಷ್ಟವಾಗಿ, ಒಂದೂ ಒತ್ತು ಜಾರದಂತೆ ಓದಿದಳು: "ನಮ್ಮ ಅಳಿಯಂದಿರು ಒಳ್ಳೆಯವರು. ಕೋಪ ಮಾತ್ರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯಂತೆ. ಒಮ್ಮೆ ಹೊತ್ತಿಕೊಂಡರೆ ಹಗಲೂ ರಾತ್ರಿ ಉರಿಯುತ್ತದೆ, ಯಾರಾದರೂ ಪಕ್ಕದಲ್ಲೇ ಕೂತು ಕಾಯಬೇಕು. ಆ ಕೆಲಸಕ್ಕೆ ನನ್ನ ಮಗಳನ್ನು ಕೊಟ್ಟಿದ್ದೇನೆ."

ಗಿರಿಜೆ ಆವತ್ತು ನಕ್ಕಷ್ಟು ಕಣ್ಣು ಹೋದಮೇಲೆ ನಕ್ಕಿರಲಿಲ್ಲ. ನಾನು ನಗಲಿಲ್ಲ. ಮೊನ್ನೆ ನಿವೃತ್ತರ ಸಂಘದ ಕಾರ್ಯದರ್ಶಿ ಅದೇ ಹಳೆಯ ಫಾಂಟಿನಲ್ಲಿ ನೋಟೀಸು ಕಳಿಸಿದ. ಫೋನು ಮಾಡಿ ಇನ್ನೇನು ದನಿ ಏರಿಸಬೇಕು, ಒಳಗಿನ ಕೋಣೆಯಲ್ಲಿ ಗಿರಿಜೆ ಒತ್ತಿದ ಫೋನಿನಿಂದ ಆ ಹೆಂಗಸು ಶುರುಮಾಡಿದಳು: "ನಮ್ಮ ಅಳಿಯಂದಿರು ಒಳ್ಳೆಯವರು..." ಆಮೇಲೆ ಮಾತಾಡುತ್ತೇನೆ ಎಂದು ಫೋನು ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿ, ಅಲ್ಲಿ ನಿಂತು ಅವನಿಗೆ ಮತ್ತೆ ಫೋನು ಮಾಡಿ ಬಯ್ದು ಬಂದೆ.