ಮೇಷ್ಟ್ರ ಬಾಯಿಗೆ ಮೇಷ್ಟ್ರದೇ ಬೀಗ

ಎಲ್ಲ ಅನಾಹುತಕ್ಕೂ ಮೂಲ ಆ ಒಂದು ನಿಯಮ. ಮಾಡಿದ್ದು ಸ್ವತಃ ಮೇಷ್ಟ್ರೇ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅವರು ವಾರಕ್ಕೊಮ್ಮೆ ಕತೆ ಬರೆಯುವುದನ್ನು ಕಲಿಸುತ್ತಿದ್ದರು. ಒಬ್ಬರ ಕತೆಯನ್ನು ಉಳಿದವರು ಚರ್ಚಿಸುವಾಗ ಬರೆದವರು ತುಟಿ ಪಿಟಕ್ಕೆನ್ನಬಾರದು. "ಬರೆದಾಯ್ತಲ್ಲ, ಇನ್ನು ನೀವು ಸತ್ತ ಹಾಗೆ. ಸತ್ತವರು ವಾದ ಮಾಡ್ತಾರಾ?" ಎನ್ನುತ್ತಿದ್ದರು. ಈ ಮಾತಿಗೆ ಶಿಷ್ಯರ ಪೈಕಿ ದರ್ಜಿಯಮ್ಮ ಎರಡು ಸಲ ಅತ್ತಿದ್ದಳು. ಮಾಜಿ ಕಂಡಕ್ಟರ್ ಒಮ್ಮೆ ಸಿಟ್ಟಿನಿಂದ ಎದ್ದುಹೋಗಿ, ಛತ್ರಿ ಮರೆತದ್ದಕ್ಕೆ ವಾಪಸು ಬಂದಿದ್ದ.

ಮೇಷ್ಟ್ರು ಮಾತ್ರ ಎಷ್ಟೋ ವರ್ಷಗಳಿಂದ ಒಂದು ಸಾಲೂ ಬರೆದಿರಲಿಲ್ಲ. ಕಡೆಗೂ ಒಂದು ಕತೆ ಹುಟ್ಟಿತು. ಶಿಷ್ಯರು ಒಪ್ಪಿದರೆ ಸರಿ, ಇಲ್ಲದಿದ್ದರೆ ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿ ಅದನ್ನು ತರಗತಿಯಲ್ಲಿ ಓದಿದರು. ಗುಮಾಸ್ತನೊಬ್ಬ ಕಚೇರಿಯಲ್ಲಿ ಕೂತಲ್ಲೇ ಸಾಯುತ್ತಾನೆ. ಸಂಜೆವರೆಗೂ ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ.

"ನಾನೂ ಈಗ ಸತ್ತ ಹಾಗೆ. ಶುರು ಮಾಡಿ," ಎಂದು ಕೂತರು.

ಶಿಷ್ಯರು ಇದಕ್ಕೇ ಕಾದಿದ್ದರೇನೋ. "ಸುತ್ತ ಅಷ್ಟು ಜನ ಇದ್ದಾರೆ, ಒಬ್ಬರಿಗೂ ಗೊತ್ತಾಗಲ್ವಾ? ನನಗಂತೂ ನಂಬಿಕೆ ಬರಲಿಲ್ಲ," ಎಂದ ಕಂಡಕ್ಟರ್.

ಮೇಷ್ಟ್ರ ಎದೆಯನ್ನು ಒದ್ದೆ ಬಟ್ಟೆಯ ಹಾಗೆ ಯಾರೋ ಹಿಂಡಿದಂತಾಯಿತು. ಅವಮಾನ ಎಂದುಕೊಂಡರು. ಆಮೇಲೆ ಎಡಗೈ ಮರಗಟ್ಟಿತು. ಅವಮಾನ ಕೈವರೆಗೆ ಇಳಿಯುವುದಿಲ್ಲವಲ್ಲ ಎಂದು ಗಾಬರಿಯಾಗಿ ಬಲಗೈ ಎತ್ತಿದರು.

"ಊಹೂಂ! ಕೈ ಎತ್ತೋ ಹಾಗೂ ಇಲ್ಲ ಸಾರ್. ನಿಮ್ಮದೇ ನಿಯಮ," ಎಂದಳು ದರ್ಜಿಯಮ್ಮ. ಎರಡು ಸಲ ಅತ್ತವಳು, ಸುಮ್ಮನೆ ಬಿಟ್ಟಾಳೇ?

ಬೆವರು ಧಾರಾಕಾರ ಇಳಿಯಿತು. "ಪಾಪ, ಬೇಜಾರು ಮಾಡ್ಕೊಂಡ್ರು," ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಮೇಷ್ಟ್ರು ಮೇಜಿನ ಮೇಲೆ ತಲೆಯಿಟ್ಟರು. "ನಟನೆ ಜಾಸ್ತಿಯಾಯ್ತು," ಎಂದ ಕಂಡಕ್ಟರ್. "ಸಾಯೋನು ಹೀಗೆಲ್ಲ ಸಾಯಲ್ಲ."

ಅಷ್ಟರಲ್ಲಿ ಮೇಷ್ಟ್ರ ಫೋನು ಬಡಿದುಕೊಂಡಿತು. ಅವರ ಹೆಂಡತಿ. ದರ್ಜಿಯಮ್ಮ ಎತ್ತಿಕೊಂಡು, "ಅಮ್ಮಾ, ಸಾರ್ ಈಗ ಮಾತಾಡೋ ಹಾಗಿಲ್ಲ. ಆಗಲಿಂದ ಬಾಯಿ ಮುಚ್ಕೊಂಡು ಕೂತಿದ್ದಾರೆ," ಎಂದಳು.

"ನಮ್ಮ ಯಜಮಾನ್ರಾ? ಬಾಯಿ ಮುಚ್ಕೊಂಡಾ?" ಅತ್ತ ಕಡೆಯಿಂದ ಚೀರಿದ್ದು ಕೇಳಿತು. "ಅಯ್ಯೋ, ಮೊದಲು ಆಂಬುಲೆನ್ಸ್ ಕರೀರಿ!"

ಕಣ್ಣು ಬಿಟ್ಟಾಗ ಆಸ್ಪತ್ರೆ. ಮಂಚದ ಸುತ್ತ ಹೆಂಡತಿ, ಇಡೀ ತರಗತಿ. ಕಂಡಕ್ಟರ್ ಬಿಕ್ಕಿಬಿಕ್ಕಿ ಅಳುತ್ತಿದ್ದ. ಸಾವು ಬಾಗಿಲವರೆಗೆ ಬಂದು ಹೋದ ಭಯದಲ್ಲೂ ಮೇಷ್ಟ್ರಿಗೆ ಒಳಗೊಳಗೇ ಹಿಗ್ಗು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

"ಈಗಲಾದ್ರೂ... ನನ್ನ ಕತೆ ನಂಬ್ತೀರಾ?"

ದರ್ಜಿಯಮ್ಮ ಮೂಗು ಒರೆಸಿಕೊಂಡಳು.

"ಹೊರಗೆ ಕೂತು ಅದನ್ನೇ ಚರ್ಚೆ ಮಾಡಿದ್ವಿ ಸಾರ್. ಯಾರಿಗೂ ಗೊತ್ತಾಗಲ್ಲ ಅನ್ನೋದು ನಿಜ, ಒಪ್ಪಿದ್ವಿ. ಆದ್ರೆ ಈಗ ಕೊನೆ ಸುಳ್ಳು ಅನ್ನಿಸ್ತಿದೆ. ಗುಮಾಸ್ತ ಸಾಯ್ತಾನೆ. ನೀವು ಬದುಕಿಬಿಟ್ರಲ್ಲ!"

ಬೇರೆಯವರ ಕತೆಯಾಗಿದ್ದರೆ ತಾವೂ ಇದನ್ನೇ ಹೇಳುತ್ತಿದ್ದದ್ದು ಎಂದು ಹೊಳೆದು ಮೇಷ್ಟ್ರಿಗೆ ಎದೆನೋವಿಗಿಂತ ಹೆಚ್ಚು ನೋವಾಯಿತು. ಆದರೂ ವಾದಕ್ಕೆ ಬಾಯಿ ತೆರೆದರು.

ಹೆಂಡತಿ ಅವರ ತುಟಿಯ ಮೇಲೆ ಬೆರಳಿಟ್ಟರು. "ಶ್! ಒಂದು ಮಾತೂ ಆಡಬಾರದು ಅಂದಿದ್ದಾರೆ ಡಾಕ್ಟ್ರು."

ಕಂಡಕ್ಟರ್ ಕಣ್ಣೊರೆಸಿಕೊಂಡು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡ.

"ಹಾಗಾದ್ರೆ ಮೊದಲನೇ ಪ್ಯಾರಾದಿಂದಲೇ ಮುಂದುವರಿಸೋಣ."