ಸಾವಿನ ಮನೆಗೆ ಹೊರಟ ಕಾರಿನ ಮುಚ್ಚಳ

ನಗಬಾರದ ಕಡೆಯೇ ನಗು ಬರುವಂಥದ್ದು ನಡೆಯುತ್ತದೆ, ಅದೂ ನಾನಿದ್ದಾಗಲೇ ನಡೆಯುತ್ತದೆ. ರಿಟೈರಾದ ಮೇಲೆ ಯಾರು ಕರೆದರೂ ಹೊರಟುಬಿಡುತ್ತೇನಲ್ಲ, ಅದಕ್ಕಿರಬೇಕು. ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲದಲ್ಲಿ, ಆರ್.ಟಿ. ನಗರದ ನಮ್ಮ ಎದುರುಮನೆಯವರ ಜೊತೆ ರಾಜಾನುಕುಂಟೆ ಕಡೆ ಹೋದದ್ದನ್ನೇ ಕೇಳಿ.

೧. ಬೀಗ

ಎದುರುಮನೆಯವರು ಮಹಾ ಜಾಗರೂಕ ಮನುಷ್ಯ. ಅವತ್ತು ಮಧ್ಯಾಹ್ನ ತಂದೆ ಕೊಟ್ಟಿದ್ದ ಹಳೇ ಕಾರಿನ ಬಾನೆಟ್ ತೆಗೆದು ಎಂಜಿನ್ನಿಗೆ ಆಯಿಲ್ ಹಾಕುತ್ತಿದ್ದರು. ಊರಿಂದ ಫೋನ್ ಬಂತು, ತಂದೆ ಹೋಗಿಬಿಟ್ಟರು ಅಂತ. ಮಾರನೆಯ ದಿನ ಅಮಾವಾಸ್ಯೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತೇವೆ, ಯಾರಿಗೂ ಕಾಯುವುದಿಲ್ಲ ಎಂದು ಚಿಕ್ಕಪ್ಪ ಹೇಳಿದರಂತೆ.

“ಮುಖ ಆದ್ರೂ ನೋಡ್ಬೇಕು ಸಾರ್. ಒಬ್ನೇ ಹೋಗೋಕಾಗಲ್ಲ, ಬನ್ನಿ,” ಎಂದರು.

ಬಾನೆಟ್ ಬಡಿದು ಮುಚ್ಚಿದರು. ಮನೆಗೆ ಬೀಗ, ಗೇಟಿಗೆ ಬೀಗ. ಬೀದಿಯ ತಿರುವಿನಿಂದ ವಾಪಸ್ ಬಂದು ಎರಡನ್ನೂ ಜಗ್ಗಿ ನೋಡಿದರು. ಇಷ್ಟು ಭದ್ರ ಮಾಡಿದವರು ಆಯಿಲ್ ಮುಚ್ಚಳವನ್ನು ಮಾತ್ರ ಬ್ಯಾಟರಿ ಮೇಲೇ ಬಿಟ್ಟಿದ್ದರು.

೨. ಸಮಾಧಾನ

ಹೆಬ್ಬಾಳ ದಾಟುವಷ್ಟರಲ್ಲಿ ಸುಟ್ಟ ವಾಸನೆ, ಹೊಗೆ. ಬಾನೆಟ್ ಎತ್ತಿದರೆ ಎಂಜಿನ್ನಿಗೆ ಎಣ್ಣೆಸ್ನಾನವಾಗಿತ್ತು. ಮುಚ್ಚಳ ಎಲ್ಲೋ ದಾರಿಯಲ್ಲಿ ಹಾರಿಹೋಗಿತ್ತು. ಎದುರುಮನೆಯವರಿಗೆ ಅಲ್ಲಿಯವರೆಗೆ ಬಾರದ ಅಳು ಬಂದೇಬಿಟ್ಟಿತು. ಫುಟ್‌ಪಾತಿನ ಮೇಲೆ ಕೂತು ಗೊಳೋ ಎಂದು ಅತ್ತರು. ಆಟೋದವನೊಬ್ಬ ಗಾಡಿ ನಿಲ್ಲಿಸಿ ಬಂದು, ಎಂಜಿನ್ ನೋಡಿ, ಅವರ ಹೆಗಲ ಮೇಲೆ ಕೈಯಿಟ್ಟ.

“ಬಿಡಿ ಸಾರ್, ಎಲ್ಲಾ ಅಂಗಡೀಲೂ ಸಿಗತ್ತೆ. ಒಂದು ಮುಚ್ಚಳಕ್ಕೆ ಇಷ್ಟು ಅಳ್ತಾರಾ?”

೩. ಒರಿಜಿನಲ್

ಆ ಪುಣ್ಯಾತ್ಮನೇ ತೂತಿಗೆ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಟ್ಟ. ಉಳಿದಿದ್ದ ಆಯಿಲನ್ನೂ ಡಬ್ಬದಿಂದ ಸುರಿದು, ತೆವಳಿಕೊಂಡು ಯಲಹಂಕ ಸೇರಿದೆವು. ಅಷ್ಟರಲ್ಲಿ ಚಿಕ್ಕಪ್ಪ ಮತ್ತೆ ಫೋನ್ ಮಾಡಿ ಗುಂಡಿ ತೋಡಿಯಾಯಿತು ಎಂದಿದ್ದರು. ಬಿಡಿಭಾಗದ ಅಂಗಡಿಯವರಿಗೆ ಆತುರವೇನೂ ಇರಲಿಲ್ಲ.

“ಒರಿಜಿನಲ್ ನಾಳೆ ಬರತ್ತೆ ಸಾರ್.”

“ನಾಳೆ ಆಗಲ್ಲ ರೀ, ನಮ್ಮಪ್ಪನ್ನ ನೋಡೋಕೆ ಹೋಗ್ಬೇಕು.”

“ಅವ್ರಿಗೊಂದು ಫೋನ್ ಮಾಡಿ, ಒಂದು ದಿನ ಕಾಯಕ್ಕೆ ಹೇಳಿ. ಡೂಪ್ಲಿಕೇಟ್ ಹಾಕಿದ್ರೆ ಎಂಜಿನ್ ಬಾಳಿಕೆ ಬರಲ್ಲ.”

“ಅವರು ಸತ್ತಿದಾರೆ ರೀ.”

ಅಂಗಡಿಯವರು ಡೂಪ್ಲಿಕೇಟನ್ನೇ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ಇದು ಸಾಕು ಬಿಡಿ,” ಎಂದರು.

೪. ಮೂರು ಹಿಡಿ

ಆ ಮುಚ್ಚಳ ಸಡಿಲ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ನೋಡಿಕೊಂಡೇ ಹೋದೆವು. ಗುಂಡಿ ತೋಡಿದ್ದ ಅವರ ತೋಟದ ಹತ್ತಿರ ತಲುಪಿದಾಗ ಸೂರ್ಯ ನೀಲಗಿರಿ ತೋಪಿನ ಹಿಂದೆ ಇಳಿದಿದ್ದ. ಮತ್ತೆ ಹೊಗೆ. ಇವರು ಅಭ್ಯಾಸಬಲದಿಂದ ಬಾನೆಟ್ ಎತ್ತಿ, ಕರ್ಚೀಫ್ ಹಿಡಿದು ಮುಚ್ಚಳ ಬಿಚ್ಚಿದ್ದರು, ಅಷ್ಟರಲ್ಲಿ ಚಿಕ್ಕಪ್ಪ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದರು.

ಹೆಣವನ್ನು ಗುಂಡಿಗೆ ಇಳಿಸಿಯಾಗಿತ್ತು. ಮುಖದ ಬಟ್ಟೆ ಸರಿಸಿದರು. ಎದುರುಮನೆಯವರು ಕಣ್ತುಂಬ ನೋಡಿದರು. ಅಂಥ ಮನುಷ್ಯ ಮಗುವಿನ ಹಾಗೆ “ಅಪ್ಪಾಜಿ” ಎಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಿರಿಮಗ ಮೊದಲು ಮಣ್ಣು ಹಾಕಲಿ ಎಂದರು. ಒಂದು ಹಿಡಿ, ಎರಡು ಹಿಡಿ. ಮೂರನೆಯದರ ಜೊತೆ ಕೈಯಲ್ಲಿದ್ದ ಮುಚ್ಚಳವೂ ಎದೆಯ ಮೇಲೆ ಟಪ್ ಎಂದು ಬಿತ್ತು.

ಎಲ್ಲರೂ ಗುಂಡಿಯೊಳಗೆ ಬಗ್ಗಿ ನೋಡಿದರು. ಆಗ ಅವರ ಸೋದರತ್ತೆ, ಸತ್ತವರ ಅಕ್ಕ, ಬಾಯಿ ಬಡಿದುಕೊಂಡು ಅತ್ತರು. “ನನ್ ತಮ್ಮಯ್ಯಂಗೆ ಆ ಕಾರು ಅಂದ್ರೆ ಪ್ರಾಣ ಆಗಿತ್ತು. ಮಗ ನೆಪ್ಪಿಟ್ಕಂಡು ಕೊಟ್ನಲ್ಲಪ್ಪ.” ಊರೆಲ್ಲ ಅತ್ತಿತು. ಕೊಟ್ಟದ್ದನ್ನು ಗುಂಡಿಯಿಂದ ವಾಪಸ್ ಕೇಳುವವರು ಯಾರು? ಮಣ್ಣು ಮುಚ್ಚಿದರು. ಕಾರನ್ನು ಅಲ್ಲೇ ಬಿಟ್ಟು ನಾನು ಬಸ್ಸಿನಲ್ಲಿ ಮನೆಗೆ ಬಂದೆ.

ಮೂರನೇ ದಿನ ಹಾಲು-ತುಪ್ಪ. ಒರಿಜಿನಲ್ ಮುಚ್ಚಳ ಕೊಂಡುಕೊಂಡು ನಾನೂ ಹೋದೆ. ಸಮಾಧಿಯ ಮೇಲೆ ಮುದ್ದೆ, ಕೋಳಿಸಾರು, ಬೀಡಿ ಕಟ್ಟು, ಅವರಿಗೆ ಇಷ್ಟವಾದದ್ದೆಲ್ಲ ಇಟ್ಟಿದ್ದರು. ಕೊನೆಗೆ ಸೋದರತ್ತೆ ಸೆರಗಿನ ಮರೆಯಿಂದ ಒಂದು ಲೀಟರ್ ಎಂಜಿನ್ ಆಯಿಲ್ ಡಬ್ಬ ತೆಗೆದು, ಕುಂಕುಮ ಹಚ್ಚಿ, ಮುದ್ದೆಯ ಪಕ್ಕದಲ್ಲಿಟ್ಟರು. ಎದುರುಮನೆಯವರು ಇದ್ಯಾಕತ್ತೆ ಎಂದು ಮೆಲ್ಲಗೆ ಕೇಳಿದರು.

“ಬರೀ ಮುಚ್ಚಳ ಕೊಟ್ಟು ಕಳ್ಸಿದ್ದೀಯಲ್ಲೋ ಮಗ. ಅಷ್ಟು ದೂರ ಓಗ್ಬೇಕು ಅವ್ನು, ಆಯಿಲ್ ಬ್ಯಾಡ್ವಾ?”