ನಾನೂ ಶಾಂತವ್ವನೂ ಹಾಕಿದ ಜಂಟಿ ಬಿಡ್

ಅರ್ಧ ಓದು ಬಂದವರ ಕಷ್ಟ ಓದೇ ಬಾರದವರಿಗೆ ಇರುವುದಿಲ್ಲ. ಓದು ಬಾರದವರು ಕೇಳಿ ತಿಳಿದುಕೊಳ್ಳುತ್ತಾರೆ, ಪೂರ್ತಿ ಬಂದವರು ಓದಿ ತಿಳಿದುಕೊಳ್ಳುತ್ತಾರೆ. ನನ್ನಂಥವರು ಅರ್ಧ ಓದಿ, ಉಳಿದರ್ಧವನ್ನು ತಾವೇ ಹುಟ್ಟಿಸಿಕೊಂಡು, ಓಣಿಗೆಲ್ಲ ಹೇಳಿಕೊಂಡು ಬರುತ್ತಾರೆ. ನಾನು ಮೂರನೆಯ ಇಯತ್ತೆಯ ತನಕ ಸಾಲೆಗೆ ಹೋದವಳು. ಆಮೇಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಟಿವಿಯ ಕೆಳಗೆ ಓಡುವ ಸಾಲನ್ನು ಈಗಲೂ ಅಕ್ಷರ ಕೂಡಿಸಿಯೇ ಓದುತ್ತೇನೆ. ಒಂದು ಶಬ್ದ ಕೂಡುವಷ್ಟರಲ್ಲಿ ಉಳಿದದ್ದು ಪರದೆ ದಾಟಿ ಹೋಗಿರುತ್ತದೆ. ಹೋಗಲಿ, ಅದನ್ನು ಹಿಡಿದು ತರಲು ನನಗೇನು ಬೇರೆ ಕೆಲಸ ಇಲ್ಲವೇ.

ಒಂದು ಸಂಜೆ ಹಾಗೆ ಕೂಡಿಸುತ್ತಿದ್ದಾಗ "ಕಾಲ್ಚೆಂಡು", "ನೆರೆಯ ಮೂರು ದೇಶ", "ಜಂಟಿ ಬಿಡ್" ಇಷ್ಟು ಸಿಕ್ಕಿತು. ಮೊಮ್ಮಗಳು ಸಾವಿತ್ರಿ ಪಕ್ಕದಲ್ಲೇ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಳು. ಇಳಕಲ್ಲಿನ ಹುಡುಗಿಯರ ಕಾಲ್ಚೆಂಡು ತಂಡದಲ್ಲಿ ಗೋಲು ಕಾಯುವವಳು ಅವಳೇ.

"ಸಾವಿತ್ರಿ, ಮೂರು ದೇಶದವ್ರು ಕೂಡಿ ಕಾಲ್ಚೆಂಡು ಬಿಟ್ರಂತ ನೋಡವ್ವಾ. ಇನ್ನ ಆಡಂಗಿಲ್ಲಂತ. ದೊಡ್ಡ ದೊಡ್ಡ ದೇಶದವ್ರ ಬಿಟ್ಟಾರ, ನೀನೂ ಬಿಡು."

ಅವಳು ಬೂಟು ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. "ಬಿಡ್ ಅಂದ್ರ ಬಿಡೂದಲ್ಲ ಅಜ್ಜಿ. ಆಟ ನಮ್ಮಲ್ಲಿ ಆಡಸ್ರಿ, ನಮಗ ಕೊಡ್ರಿ ಅಂತ ಕೇಳೂದು."

ಕೇಳುವುದಕ್ಕೆ ಬಿಡ್ ಎಂದರೆ ಇನ್ನು ಬಿಡುವುದಕ್ಕೆ ಏನನ್ನುತ್ತಾರೋ. ಆದರೆ ನನಗೆ ಹೆಚ್ಚು ಸೋಜಿಗವಾದದ್ದು ಜಂಟಿ ಎನ್ನುವ ಮಾತು. ನಮ್ಮ ಕಡೆ ಜಂಟಿ ಎಂದರೆ ಹೊಲದ ಉತಾರೆ ಕಾಗದದಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರು. ಅಲ್ಲಿಂದ ಮುಂದೆ ಬಾಗಲಕೋಟೆಯ ಕೋರ್ಟು. ಸಾವಿತ್ರಿ ಬಿಡಿಸಿ ಹೇಳಿದಳು: ಒಂದು ದೇಶದಲ್ಲಿ ಮೈದಾನ ಸಾಲುವುದಿಲ್ಲ, ಇನ್ನೊಂದರಲ್ಲಿ ಬಂದವರು ಇಳಿದುಕೊಳ್ಳಲು ಜಾಗ ಸಾಲುವುದಿಲ್ಲ, ಅದಕ್ಕೆ ಅಕ್ಕಪಕ್ಕದವರು ಕೂಡಿ ಕೇಳುತ್ತಾರೆ. ಮೊದಲ ಆಟ ಒಬ್ಬರಲ್ಲಿ, ಫೈನಲ್ ಇನ್ನೊಬ್ಬರಲ್ಲಿ. ಮತ್ತೆ ಕರೆದವರ ತಂಡಕ್ಕೆ ಗೆಲ್ಲದೆಯೇ ಆಟದಲ್ಲಿ ಜಾಗ ಇರುತ್ತದಂತೆ. ಇದು ಮಾತ್ರ ನನಗೆ ಸರಿ ಕಾಣಲಿಲ್ಲ. ಮನೆಗೆ ಮಂದಿಯನ್ನು ಕರೆದವಳು ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು, ಉಳಿದರೆ. ಮೊದಲ ಪಂಕ್ತಿಯಲ್ಲಿ ತಾನೇ ಹೋಗಿ ಕೂತರೆ ನಮ್ಮ ಓಣಿಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಅದೇ ವಾರ ಸಾವಿತ್ರಿಯ ಆಟದ ಟೀಚರಮ್ಮ ಓಣಿಗೆ ಬಂದರು. ಬಾದಾಮಿ, ಹುನಗುಂದ, ಬಾಗಲಕೋಟೆಯ ಹುಡುಗಿಯರು ಇಳಕಲ್ಲಿಗೆ ಆಡಲು ಬರುತ್ತಾರೆ, ಕೊನೆಯ ದಿನ ಫೈನಲ್ ಆಡಿದ ಎರಡು ತಂಡಕ್ಕೆ ಯಾರಾದರೂ ಮನೆಯಲ್ಲಿ ಊಟ ಹಾಕುತ್ತೀರಾ ಎಂದು ಕೇಳಿದರು. ಕೂರಲು ಜಾಗ ಬೇಕು, ಕೈಕಾಲಿಗೆ ನೀರು ಬೇಕು, ಅಷ್ಟೇ ಎಂದರು.

ಈಗ ನನ್ನ ಮನೆಯ ಸಂಗತಿ ಹೇಳಬೇಕು. ನಲ್ಲಿ ಇದೆ, ಜಾಗ ಇಲ್ಲ. ಪಡಸಾಲೆಯ ತುಂಬ ಜೋಡಿ ಮಗ್ಗದ ಕುಣಿ. ನೇಯುವವರು ಕಾಲು ಇಳಿಬಿಟ್ಟು ಕೂರಲು ತೋಡಿದ್ದು. ಮಗ್ಗ ಬಿಚ್ಚಿ ಬಹಳ ವರ್ಷವಾಯಿತು, ಮಗ ಪವರ್‌ಲೂಮಿಗೆ ಹೋಗುತ್ತಾನೆ. ಕುಣಿ ಮುಚ್ಚಿ ಫರ್ಶಿ ಹಾಕಿಸು ಎಂದು ಎಲ್ಲರೂ ಹೇಳಿದರು, ನಾನು ಹಾಕಿಸಲಿಲ್ಲ. ಪ್ರೀತಿಯಿಂದಲ್ಲ, ಉಳ್ಳಾಗಡ್ಡಿ ಇಡಲು ತಂಪಾಗಿರುತ್ತದೆ. ಗೋಡೆಗೆ ಗೋಡೆ ಹಚ್ಚಿದ ಶಾಂತವ್ವನ ಮನೆಯಲ್ಲಿ ದೊಡ್ಡ ಅಂಗಳ ಇದೆ, ನಲ್ಲಿ ಇಲ್ಲ. ಹೀಗಾಗಿ ಓಣಿಯಲ್ಲಿ ಸೀಮಂತವಾಗಲಿ ಹೆಸರಿಡುವುದಾಗಲಿ, ಊಟ ಶಾಂತವ್ವನ ಅಂಗಳದಲ್ಲೇ. ರೊಟ್ಟಿ ಬಡಿಯುವವಳು ಮಾತ್ರ ನಾನು. ಈ ವಯಸ್ಸಿನ ತನಕ ನನ್ನ ರೊಟ್ಟಿಯನ್ನು ಅರ್ಧ ಇಳಕಲ್ಲೇ ಉಂಡಿದೆ, ನನ್ನ ಹೊಸ್ತಿಲೊಳಗೆ ಕೂತು ಒಂದು ಪಂಕ್ತಿಯೂ ಉಂಡಿಲ್ಲ. ಸಾಯುವುದರೊಳಗೆ ಒಮ್ಮೆ ನನ್ನ ಮನೆಯಲ್ಲಿ ಊಟದ ಎಲೆ ಬೀಳಬೇಕೆಂದು ಆಸೆ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಶಾಂತವ್ವ ನಗುತ್ತಾಳೆ.

ಗುಡಿಯ ಹಿಂದಿನ ಓಣಿಯವರು ತಮ್ಮಲ್ಲಿ ಜಾಗವೂ ಇದೆ, ನೀರೂ ಇದೆ ಎಂದು ಆಗಲೇ ಎದೆ ಸೆಟೆಸಿದ್ದರು. ನಾನು ಸೀದಾ ಶಾಂತವ್ವನ ಮನೆಗೆ ಹೋದೆ.

"ಶಾಂತವ್ವ, ಬಾ, ಇಬ್ರೂ ಕೂಡಿ ಬಿಡ್ ಮಾಡೋಣು."

"ಏನ್ ಬಿಡೂದಬೇ? ಚಾ ಬಿಡು ಅಂತ ಡಾಕ್ಟರ್ ಹೇಳ್ಯಾನ, ಅದನ್ನ ಬಿಟ್ಟಿಲ್ಲ ನಾ."

ಸಾವಿತ್ರಿಯ ಪಾಠವನ್ನು ನಾನು ಶಾಂತವ್ವನಿಗೆ ಒಪ್ಪಿಸಿದೆ. ತಲೆಗೆ ಹತ್ತಲಿಲ್ಲ. ಕೊನೆಗೆ ಸೀರೆಯ ಲೆಕ್ಕದಲ್ಲಿ ಹೇಳಿದೆ. ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ; ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. "ಹಂಗ ನಿನ್ನ ಅಂಗಳಕ್ಕ ನನ್ನ ನಲ್ಲಿ ಕೊಂಡಿ ಹಾಕೂದು" ಎಂದೆ. ಇದು ಪಕ್ಕನೆ ಹತ್ತಿತು. ಹತ್ತಬಾರದಷ್ಟು ಹತ್ತಿತು.

"ಹಂಗಾದ್ರ ಸೆರಗು ಯಾರು?" ಎಂದಳು.

"ಸೆರಗು ನಾನು. ವಿಚಾರ ನಂದು."

"ವಿಚಾರ ತಾಟಿನ್ಯಾಗ ಬಡಸ್ತಿಯೇನು? ನಿನ್ ಮನ್ಯಾಗ ಮಂದಿ ಕುಂತ್ರ ಕುಣ್ಯಾಗ ಬೀಳ್ತಾರ. ಬಾದಾಮಿ ಹುಡುಗ್ಯಾರ್ನ ಉಳ್ಳಾಗಡ್ಡಿ ಜೋಡಿ ಇಡಾಕಿಯೇನು? ಊಟ ಅಂದ್ರ ಫೈನಲ್, ಅದು ನನ್ನ ಅಂಗಳದಾಗ. ನೀ ಕೈಕಾಲಿಗೆ ನೀರು ಕೊಡು."

ಎರಡು ದಿನ ಮಾತು ಬಿಟ್ಟೆವು. ಅದೂ ಒಂದು ನಮೂನೆಯ ಜಂಟಿ ಬಿಡ್. ಮೂರನೆಯ ದಿನ ಗುಡಿಯ ಹಿಂದಿನವರು ಬರೀ ಉಪ್ಪಿಟ್ಟು ಹಾಕುತ್ತಾರಂತೆ ಎಂದು ಸುದ್ದಿ ಬಂತು. ಆಡಿ ಬಂದ ಮಕ್ಕಳಿಗೆ ಉಪ್ಪಿಟ್ಟು! ನಾನು ಒಡಲಾಗಲು ಒಪ್ಪಿದೆ. ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಸಿಹಿಗೆ ಮಾದಲಿ ಎಂದು ಟೀಚರಮ್ಮನಿಗೆ ಹೇಳಿಕಳಿಸಿದೆವು. ಊಟ ನಮಗೇ ಸಿಕ್ಕಿತು. ಟಿವಿಯ ಆ ಮೂರು ದೇಶಗಳಲ್ಲಿ ಒಂದಕ್ಕಾದರೂ ಬರೀ ಕೈಕಾಲು ತೊಳೆಸುವ ಪಾಲು ಬಂದಿರಬೇಕು; ಅವರ ಸಂಕಟ ನನಗೆ ಗೊತ್ತು.

ಫೈನಲ್ಲಿನ ದಿನ ನಮ್ಮ ಹುಡುಗಿಯರು ಬಾದಾಮಿಯವರಿಗೆ ಸೋತರು. ಚೆಂಡು ಸಾವಿತ್ರಿಯ ಕಾಲ ಸಂದಿಯಲ್ಲೇ ತೂರಿಕೊಂಡು ಹೋಯಿತಂತೆ. ಉರಿಬಿಸಿಲಲ್ಲಿ ಎರಡೂ ತಂಡ ಕೆಂಪು ಮೋರೆ ಮಾಡಿಕೊಂಡು ಬಂದವು. ಒಪ್ಪಂದದಂತೆ ಮೊದಲು ನನ್ನ ಮನೆಗೆ, ನಲ್ಲಿಗೆ. ಶಾಂತವ್ವ ಅಂಗಳದಲ್ಲಿ ಜಮಖಾನೆ ಹಾಸಿ, ಬಿಸಿಲಿಗೆ ಮೇಲೆ ತಗಡು ಕಟ್ಟಿಸಿ ಕಾಯುತ್ತಿದ್ದಳು. ತಗಡಿನ ಕೆಳಗೆ ರೊಟ್ಟಿ ಬೇರೆ ಕಾಯಿಸಬೇಕಾಗಿರಲಿಲ್ಲ, ಹಾಗಿತ್ತು.

ಕಾಲು ತೊಳೆದ ಬಾದಾಮಿಯ ಹುಡುಗಿಯೊಬ್ಬಳು ನನ್ನ ಪಡಸಾಲೆಗೆ ಇಣುಕಿ, "ಯವ್ವಾ, ಏನ್ ತಂಪೈತಿ ಇಲ್ಲೆ!" ಎಂದು ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ಅವಳ ಪಕ್ಕ ಇನ್ನೊಬ್ಬಳು. ಆಮೇಲೆ ಅಲ್ಲಿ ಇಂಚು ಜಾಗ ಉಳಿಯಲಿಲ್ಲ. ಕುಣಿಯಲ್ಲಿ ಹಿಡಿಯದವರು ಗೋಡೆಗೆ ಆತು ಕೂತರು, ಗೆದ್ದವರೂ ಸೋತವರೂ ಬೆರೆತು. ಸಾವಿತ್ರಿ ಒಳಗಿನಿಂದಲೇ ಕೂಗಿದಳು: "ಅಜ್ಜಿ, ಇಲ್ಲೇ ತರ್ರಿ ಊಟಾ!" ಸೋತರೆ ಹಸಿವು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದ್ದೋ, ಅವಳು ಉಂಡಷ್ಟು ಬಾದಾಮಿಯವರು ಉಣ್ಣಲಿಲ್ಲ.

ಶಾಂತವ್ವ ಎಣ್ಣೆಗಾಯಿಯ ಬೋಗುಣಿ ಹೊತ್ತು ಹೊಸ್ತಿಲಲ್ಲಿ ನಿಂತು ನನ್ನತ್ತ ಕಣ್ಣು ಬಿಟ್ಟಳು. "ಏ ನೀಲಿ, ಆಟ ನಡದಾಗ ಮೈದಾನ ಬದಲಿ ಮಾಡೂದು ಯಾವ ದೇಶದ ಕಾನೂನಬೇ?"

"ನಾ ಏನ್ ಮಾಡ್ಲಿ? ಅವ್ರ ಕುಂತ್ರು. ಎಬ್ಬಸ್ತಿ ಅಂದ್ರ ಎಬ್ಬಸು."

ಎಬ್ಬಿಸಲಿಲ್ಲ. ಗೊಣಗುತ್ತಲೇ ಬಡಿಸಿದಳು. ನಾನು ಕಾಲುಗಳ ನಡುವೆ ದಾರಿ ಮಾಡಿಕೊಂಡು ರೊಟ್ಟಿ ಹಾಕಿದೆ. ಒಬ್ಬಳು ಮಾದಲಿ ಚೆಲ್ಲಿ ಕುಣಿಯಲ್ಲಿ ಇರುವೆಗೆ ಹಬ್ಬ ಮಾಡಿಟ್ಟಳು. ಹೊಸ್ತಿಲೊಳಗೆ ಪಂಕ್ತಿ ಬಿತ್ತು. ನೋಡಿದೆ. ಸಾಕೆನಿಸಿತು.

ಉಂಡವರು ಹೋಗಲಿಲ್ಲ, ತಂಪಿಗೆ ಅಲ್ಲೇ ಅಡ್ಡಾದರು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ನನ್ನ ಮನೆಯಲ್ಲಿ ನನಗೇ ತಾಟು ಇಡಲು ಜಾಗವಿಲ್ಲ. ಇನ್ನೇನು ಮಾಡಲಿ, ಉಳಿದ ರೊಟ್ಟಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅಷ್ಟು ಹಟ ಹಿಡಿದು ಕೇಳಿ ಪಡೆದ ದಿನವೂ ನಾನು ಉಂಡದ್ದು ಶಾಂತವ್ವನ ಅಂಗಳದಲ್ಲೇ, ಆ ಕಾದ ತಗಡಿನ ಕೆಳಗೆ.

ಶಾಂತವ್ವ ಎದುರಿಗೆ ಕೂತು ಮೊಸರು ಹಾಕುತ್ತ ಕೇಳಿದಳು: "ಮುಂದಿನ ವರ್ಷಾನೂ ಕೇಳೂದೇನ ಮತ್ತ?"

"ಬಿಡ್" ಎಂದೆ.

ಯಾವ ಬಿಡ್ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.